ನಮ್ಮ ಬೀದಿಗೆ ಒಂದು ವೇಗಮಿತಿ ಕೊಡಿ: ಎಂಜಿನಿಯರ್ ಮತ್ತು ಸಂಚಾರ ಇನ್‌ಸ್ಪೆಕ್ಟರ್ ಅವರಿಗೆ ಬಹಿರಂಗ ಪತ್ರ

ಇವರಿಗೆ,
ನಮ್ಮ ಭಾಗದ ಪಾಲಿಕೆಯ ಕಾರ್ಯಪಾಲಕ ಎಂಜಿನಿಯರ್ ಅವರು (ರಸ್ತೆ),
ಮತ್ತು
ನಮ್ಮ ಭಾಗದ ಸಂಚಾರ ಠಾಣೆಯ ಇನ್‌ಸ್ಪೆಕ್ಟರ್ ಅವರು,
ಬೆಂಗಳೂರು.

ವಿಷಯ: ಬಡಾವಣೆಯ ಒಳರಸ್ತೆಯಲ್ಲಿ ವಾಹನಗಳ ವೇಗ, ಹಂಪ್ ಮತ್ತು ಬೋರ್ಡುಗಳ ಬಗ್ಗೆ.

ಮಾನ್ಯರೇ,

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಬೇರೆ ದಾರಿ ಉಳಿದಿಲ್ಲ. ಪಾಲಿಕೆ ಕಚೇರಿಗೆ ಹೋದರೆ "ಟ್ರಾಫಿಕ್‌ನವರು ಲೆಟರ್ ಕೊಡಲಿ, ಆಮೇಲೆ ಹಂಪ್ ಹಾಕೋಣ" ಅನ್ನುತ್ತಾರೆ. ಠಾಣೆಗೆ ಹೋದರೆ "ರಸ್ತೆ ಅವರದ್ದು, ಬೋರ್ಡ್ ನೆಡೋದೂ ಅವರೇ, ನಾವೇನ್ ಮಾಡೋಕಾಗುತ್ತೆ ಸಾರ್" ಅನ್ನುತ್ತಾರೆ. ಎರಡೂ ಕಡೆ ಮರ್ಯಾದೆಯಿಂದಲೇ ಮಾತಾಡಿಸುತ್ತಾರೆ, ಕುರ್ಚಿ ಕೊಡುತ್ತಾರೆ, ಅರ್ಜಿ ಮೇಲೆ ಸೀಲ್ ಒತ್ತಿ ಕೊಡುತ್ತಾರೆ. ಸೀಲ್ ಬಿದ್ದ ಪ್ರತಿಗಳಿಂದ ನಮ್ಮ ನಿವಾಸಿಗಳ ಸಂಘದ ಫೈಲು ದಪ್ಪ ಆಗಿದೆ, ಅಷ್ಟೇ. ಇದನ್ನು ಇಬ್ಬರೂ ಒಟ್ಟಿಗೆ ಓದಿದರೆ ಆ ಲೆಟರ್ ಯಾರು ಯಾರಿಗೆ ಕೊಡಬೇಕು ಅನ್ನುವುದಾದರೂ ತೀರ್ಮಾನ ಆದೀತು. ಬಡಾವಣೆಯವರಿಗೂ ಎರಡು ಮಾತು ಹೇಳುವುದಿದೆ, ಅದಕ್ಕೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ರಸ್ತೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ನಲವತ್ತು ಅಡಿ ಅಗಲದ ಮೇನ್, ಉದ್ದ ಸುಮಾರು 800 ಮೀಟರ್. ಎರಡು ತುದಿಯಲ್ಲೂ ದೊಡ್ಡ ರಸ್ತೆ, ಅಲ್ಲಿ ಸಿಗ್ನಲ್. ಸಿಗ್ನಲ್ ಹತ್ತಿರ ಸಾಲು ಬೆಳೆದ ತಕ್ಷಣ ಫೋನಿನ ಮ್ಯಾಪು "ಎರಡು ನಿಮಿಷ ಉಳಿಯುತ್ತೆ" ಅಂತ ಎಲ್ಲರನ್ನೂ ನಮ್ಮ ಮನೆ ಮುಂದೆ ತಿರುಗಿಸುತ್ತದೆ. ಆ ಎರಡು ನಿಮಿಷವನ್ನು ನಾಲ್ಕು ಮಾಡಿಕೊಳ್ಳುವ ಆಸೆ ಬಂದವರಿಗೆಲ್ಲ. ಕಂಪನಿ ಕ್ಯಾಬ್, ನೀರಿನ ಟ್ಯಾಂಕರ್, ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಲುಪಿಸಬೇಕಾದ ಪಾಪದ ಹುಡುಗರು, ಶಾಲೆಯ ವ್ಯಾನ್ ಎಲ್ಲ ಒಟ್ಟಿಗೆ ಬರುತ್ತವೆ. ಇದೇ ರಸ್ತೆಯಲ್ಲಿ ಒಂದು ಪ್ರೈಮರಿ ಶಾಲೆ ಇದೆ, ಪಾರ್ಕಿನ ಗೇಟಿದೆ, ಗಣೇಶನ ಗುಡಿ ಇದೆ, ಹಾಲಿನ ಬೂತ್ ಇದೆ. ಫುಟ್‌ಪಾತ್ ನಕ್ಷೆಯಲ್ಲಿದೆ. ನೆಲದ ಮೇಲೆ ನೋಡಿದರೆ ಟ್ರಾನ್ಸ್‌ಫಾರ್ಮರ್, ಮನೆ ಮನೆಯ ಇಳಿಜಾರು, ಹೂವಿನ ಕುಂಡ, ಕವರ್ ಹೊದ್ದು ತಿಂಗಳಿಂದ ಮಲಗಿದ ಕಾರು. ಹಾಗಾಗಿ ಸ್ಕೂಲ್ ಬ್ಯಾಗ್ ಹೊತ್ತ ಮಗು, ಮಂಡಿ ನೋವಿನ ಅಜ್ಜಿ, ಹಾಲು ತರಲು ಹೋದವರು ಎಲ್ಲರೂ ಡಾಂಬರಿನ ಮೇಲೆಯೇ ನಡೆಯುತ್ತಾರೆ.

ಮೊದಲು ರಸ್ತೆ ಗುಂಡಿ ಬಿದ್ದಿತ್ತು, ಬೈದುಕೊಂಡು ಓಡಾಡುತ್ತಿದ್ದೆವು. ಆದರೆ ಗುಂಡಿ ಇದ್ದಾಗ ಯಾರೂ ಜೋರಾಗಿ ಓಡಿಸುತ್ತಿರಲಿಲ್ಲ. ಹೊಸ ಡಾಂಬರು ಬಿತ್ತು, ರಸ್ತೆ ಕನ್ನಡಿ ಹಾಗಾಯಿತು, ಹಳೇ ಹಂಪುಗಳು ಅದರಡಿ ಮುಚ್ಚಿಹೋದವು. ಅವನ್ನು ಮತ್ತೆ ಕಟ್ಟಬೇಕು ಅನ್ನುವುದು ಗುತ್ತಿಗೆ ಕೆಲಸದ ಪಟ್ಟಿಯಲ್ಲಿ ಇರಲಿಲ್ಲವಂತೆ. ಶಾಲೆ ಮುಂದಿನ ಜೀಬ್ರಾ ಗೆರೆಯೂ ಹಾಗೆಯೇ ಹೋಯಿತು. ಒಳ್ಳೆ ರಸ್ತೆ ಮಾಡಿಕೊಟ್ಟಿದ್ದಕ್ಕೆ ಎಂಜಿನಿಯರ್ ಸಾಹೇಬರಿಗೆ ಧನ್ಯವಾದ, ಇದು ವ್ಯಂಗ್ಯ ಅಲ್ಲ. ಆದರೆ ರಸ್ತೆ ನುಣುಪಾದರೆ ವೇಗ ಏರುತ್ತದೆ ಅನ್ನುವುದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಡಾಂಬರು ಹಾಕುವ ಬಿಲ್ಲಿನಲ್ಲೇ ಗೆರೆ, ಹಂಪ್, ಬೋರ್ಡು ಸೇರಿರಬೇಕಿತ್ತು ಅಲ್ವಾ?

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಅರ್ಜಿಗೆ ಉತ್ತರ ಬರಲಿಲ್ಲ ಅಂತ ಬೇಸತ್ತ ಕೆಲವರು, ಪಕ್ಕದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಮೇಸ್ತ್ರಿಗೆ ಹೇಳಿ, ರಾತ್ರೋರಾತ್ರಿ ಕಾಂಕ್ರೀಟ್ ಹಾಕಿಸಿ ತಾವೇ ಹಂಪ್ ಮಾಡಿಸಿಬಿಟ್ಟರು. ಶಾಲೆ ಹತ್ತಿರ ಒಂದು, ಗುಡಿ ಹತ್ತಿರ ಒಂದು. ಅಗಲ ಎರಡಡಿ ಕೂಡ ಇಲ್ಲ, ಎತ್ತರ ಆರು ಇಂಚಿನ ಹತ್ತಿರ. ಬಣ್ಣ ಇಲ್ಲ, ಬೋರ್ಡ್ ಇಲ್ಲ, ಮೇಲೆ ಬೀದಿದೀಪವೂ ಇಲ್ಲ. ಮಳೆ ಬಂದ ರಾತ್ರಿ ಸ್ಕೂಟರಿನಲ್ಲಿ ಬಂದ ಗಂಡ ಹೆಂಡತಿಗೆ ಅದು ಕಾಣಲೇ ಇಲ್ಲ. ಹಿಂದೆ ಕೂತಿದ್ದ ಹೆಂಗಸು ಎಗರಿ ಬಿದ್ದು ಭುಜದ ಮೂಳೆ ಮುರಿಯಿತು. ಅವರು ಜೋರಾಗಿ ಬರುತ್ತಿದ್ದವರಲ್ಲ, ನಮ್ಮ ಬಡಾವಣೆಯವರೇ, ನಿಧಾನಕ್ಕೆ ಮನೆಗೆ ಬರುತ್ತಿದ್ದವರು. ಮರುದಿನ ಯಾರೋ ಹಂಪಿನ ಮೇಲೆ ಸುಣ್ಣ ಬಳಿದರು. ಮುಂದಿನ ಮಳೆಗೆ ಅದು ತೊಳೆದುಹೋಯಿತು.

ಈ ಹಂಪ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ "ಹಂಪ್ ಬೇಕು ಅಂತೀರಿ, ಹಾಕಿದರೆ ಬೇಡ ಅಂತೀರಿ" ಅನ್ನುವ ಮಾತು ಕಚೇರಿಯಲ್ಲಿ ಕೇಳಿ ಬಂದಿದೆ. ಅಳತೆ ನಮ್ಮ ಮನಸ್ಸಿಗೆ ಬಂದದ್ದಲ್ಲ. ರಸ್ತೆಗಳಿಗೆ ಮಾನದಂಡ ಗೊತ್ತು ಮಾಡುವ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) 1988ರಲ್ಲೇ ಐಆರ್‌ಸಿ 99 ಅನ್ನುವ ಮಾರ್ಗಸೂಚಿ ತಂದಿತು, 2018ರಲ್ಲಿ ಅದನ್ನು ಪರಿಷ್ಕರಿಸಿತು. 1988ರದ್ದರಲ್ಲೇ ಇದೆ: ಒಳರಸ್ತೆಯಲ್ಲಿ ವಾಹನ 25 ಕಿ.ಮೀ. ವೇಗಕ್ಕೆ ಇಳಿಯಬೇಕಾದರೆ ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಮೇಲ್ಮೈ ಮೆಲ್ಲಗೆ ಬಾಗಿರಬೇಕು, ಕಪ್ಪು ಬಿಳಿ ಪಟ್ಟೆ ಇರಬೇಕು, 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡ್ ಇರಬೇಕು. ಒಂದಕ್ಕಿಂತ ಹೆಚ್ಚು ಬೇಕಿದ್ದರೆ ನಡುವೆ ನೂರು ನೂರಿಪ್ಪತ್ತು ಮೀಟರ್ ಅಂತರ ಇರಬೇಕು. 3.7 ಮೀಟರ್ ಅಂದರೆ ಹನ್ನೆರಡು ಅಡಿ. ಈ ಆಕಾರವನ್ನು 1970ರ ದಶಕದಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ವಾಹನಗಳನ್ನು ಓಡಿಸಿ ನೋಡಿಯೇ ಗೊತ್ತು ಮಾಡಿದ್ದು.

ಅಷ್ಟು ಅಗಲ ಯಾಕೆ ಬೇಕು? ಹನ್ನೆರಡು ಅಡಿ ಹಂಪಿನ ಮೇಲೆ ನಿಧಾನಕ್ಕೆ ಬಂದ ಕಾರು ಆರಾಮಾಗಿ ಹತ್ತಿ ಇಳಿಯುತ್ತದೆ, ಜೋರಾಗಿ ಬಂದದ್ದು ಎಗರುತ್ತದೆ. ಎರಡಡಿ ದಿಬ್ಬದಲ್ಲಿ ಇದು ಉಲ್ಟಾ. ನಿಧಾನಕ್ಕೆ ಬಂದವರ ಸೊಂಟಕ್ಕೇ ಪೆಟ್ಟು, ಜೋರಾಗಿ ಬಂದ ದೊಡ್ಡ ಕಾರಿನ ಸಸ್ಪೆನ್ಶನ್ ಅದನ್ನು ನುಂಗಿಹಾಕುತ್ತದೆ. ಸಂಜೆ ಗುಡಿ ಹತ್ತಿರ ನಿಂತು ನೋಡಿ: ಆಟೋದಲ್ಲಿ ಬಸುರಿ ಹೆಂಗಸು ಕೂತಿದ್ದರೆ ಡ್ರೈವರ್ ಗಾಡಿ ಪೂರ್ತಿ ನಿಲ್ಲಿಸಿ, ಒಂದೊಂದೇ ಚಕ್ರ ಇಳಿಸುತ್ತಾನೆ. ಎಸ್‌ಯುವಿಯವನು ಬ್ರೇಕ್ ಮುಟ್ಟದೆ ಹಾರಿ ಹೋಗುತ್ತಾನೆ. ಯಾರನ್ನು ತಡೆಯಬೇಕಿತ್ತೋ ಅವನಿಗೆ ತೊಂದರೆಯೇ ಇಲ್ಲ. ಬೈಕಿನವರು ಪಕ್ಕದ ಚರಂಡಿ ಚಪ್ಪಡಿ ಮೇಲೆ ದಾರಿ ಮಾಡಿಕೊಂಡಿದ್ದಾರೆ, ಅಂದರೆ ಜನ ನಡೆಯಲು ಉಳಿದಿದ್ದ ಆ ಒಂದು ಗೇಣು ಜಾಗವೂ ಹೋಯಿತು.

ಈಗ ಇನ್‌ಸ್ಪೆಕ್ಟರ್ ಅವರಿಗೆ. ನಿಮ್ಮ ಸಿಬ್ಬಂದಿಯನ್ನು ಕೇಳಿದೆವು, ಒಂದು ದಿನ ಸ್ಪೀಡ್ ಗನ್ ತಂದು ನಿಲ್ಲಿ ಅಂತ. "ಎಷ್ಟಕ್ಕೆ ಕೇಸ್ ಹಾಕಲಿ?" ಅಂತ ತಿರುಗಿ ಕೇಳಿದರು. ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದರೆ ಪ್ರಶ್ನೆ ಸರಿಯೇ ಇದೆ. ನಮ್ಮ ರಸ್ತೆಗೆ ವೇಗಮಿತಿ ಎಷ್ಟು? ಎರಡು ತುದಿಯಲ್ಲೂ ಕೆಂಪು ವೃತ್ತದೊಳಗೆ ಅಂಕಿ ಬರೆದ ಬೋರ್ಡ್ ಇಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ನಗರ, ಪಾಲಿಕೆ ವ್ಯಾಪ್ತಿಯ ರಸ್ತೆಗಳಿಗೆ ಗರಿಷ್ಠ ವೇಗ ಕಾರಿಗೆ 70, ಬೈಕಿಗೆ 60, ಆಟೋಗೆ 50 ಕಿ.ಮೀ. ಅಂತ ಇದೆ. ಅದಕ್ಕಿಂತ ಕಡಿಮೆ ಮಿತಿಯನ್ನು ಇಲ್ಲಿಗೆ ಗೊತ್ತು ಮಾಡಿ ಬೋರ್ಡ್ ನೆಡದೆ ಹೋದರೆ, ಮಕ್ಕಳು ನಡುರಸ್ತೆಯಲ್ಲಿ ನಡೆಯುವ ಬೀದಿಯಲ್ಲಿ ಒಬ್ಬ ಕಾರನ್ನು ಅರವತ್ತೈದರಲ್ಲಿ ಓಡಿಸಿಕೊಂಡು ಬಂದು "ನಾನು ಮಿತಿಯೊಳಗೇ ಇದ್ದೆ" ಅಂತ ನಿಮ್ಮ ಮುಂದೆ ವಾದ ಮಾಡಬಹುದು. ಅಪಾಯಕಾರಿ ಚಾಲನೆ ಅಂತ ಬೇರೆ ಕಲಮು ಹಾಕಬಹುದು ನಿಜ, ಆದರೆ ಅದನ್ನು ಸಾಬೀತು ಮಾಡುವ ಕಷ್ಟ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು.

ದಾರಿ ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 112(2)ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ, ಅಥವಾ ಅದು ಅಧಿಕಾರ ಕೊಟ್ಟವರು, ಸಾರ್ವಜನಿಕ ಸುರಕ್ಷತೆಗಾಗಿ ಒಂದು ಪ್ರದೇಶಕ್ಕೆ ಅಥವಾ ಒಂದೇ ಒಂದು ರಸ್ತೆಗೂ ಕಡಿಮೆ ವೇಗಮಿತಿ ನಿಗದಿ ಮಾಡಬಹುದು. ಅದಕ್ಕೆ ಗೆಜೆಟ್ ಪ್ರಕಟಣೆ ಬೇಕು, 116ನೇ ಕಲಮಿನ ಪ್ರಕಾರ ಬೋರ್ಡ್ ಬೇಕು. ಗೆಜೆಟ್ ಅಂದ ಕೂಡಲೇ ಇದು ಆಗುವ ಕೆಲಸ ಅಲ್ಲ ಅನಿಸುತ್ತದೆ. ಆದರೆ ಅಲ್ಲೇ ಇನ್ನೊಂದು ಸಾಲಿದೆ: ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಪ್ರಕಟಣೆ ಬೇಕಿಲ್ಲ. ಅಂದರೆ ಒಂದು ತಿಂಗಳು ಪ್ರಯೋಗ ಮಾಡಿ ನೋಡಲು ಅಡ್ಡಿ ಏನೂ ಇಲ್ಲ.

ನಾವು ಕೇಳುತ್ತಿರುವ ಮಿತಿ 30. ಇದು ಯಾಕೆ 40 ಅಲ್ಲ, 50 ಅಲ್ಲ ಅಂತ ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಮಗು ಚೆಂಡಿನ ಹಿಂದೆ ಓಡಿ ಬಂತು ಅಂತ ಇಟ್ಟುಕೊಳ್ಳಿ. ನೋಡಿ, ತಿಳಿದು, ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದು ಸೆಕೆಂಡಾದರೂ ಬೇಕು. 30ರಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಮುಂದೆ ಬಂದಿರುತ್ತದೆ, ಒಣರಸ್ತೆಯಲ್ಲಿ ಇನ್ನೊಂದು 5 ಮೀಟರಿಗೆ ನಿಲ್ಲುತ್ತದೆ, ಒಟ್ಟು 13 ಮೀಟರ್. 50ರಲ್ಲಿ ಬರುವ ಕಾರು ಆ ಒಂದೇ ಸೆಕೆಂಡಿನಲ್ಲಿ 14 ಮೀಟರ್ ಬಂದಿರುತ್ತದೆ. ಮೊದಲನೇ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರು ಇನ್ನೂ ಬ್ರೇಕೇ ಹಾಕಿರುವುದಿಲ್ಲ. ಹದಿಮೂರು ಮೀಟರಿನ ಆಚೆ ಮಗು ಇದ್ದರೆ ಒಬ್ಬನಿಗೆ ಸಿಗುವುದು ಗಾಬರಿ, ಇನ್ನೊಬ್ಬನದ್ದು ಪೂರಾ ಐವತ್ತರ ಹೊಡೆತ. ಮಳೆಗಾಲದಲ್ಲಿ ಇದೂ ಇಲ್ಲ, ಇನ್ನೂ ದೂರಕ್ಕೆ ಜಾರುತ್ತದೆ.

ಮತ್ತೆ ಕಳೆದುಕೊಳ್ಳುವುದು ಎಷ್ಟು? ನಮ್ಮ 800 ಮೀಟರ್ ರಸ್ತೆಯನ್ನು ಒಂದೇ ಸಮ 50ರಲ್ಲಿ ದಾಟಿದರೆ ಸುಮಾರು 58 ಸೆಕೆಂಡು, 30ರಲ್ಲಿ 96 ಸೆಕೆಂಡು. ವ್ಯತ್ಯಾಸ ನಲವತ್ತು ಸೆಕೆಂಡು ಕೂಡ ಇಲ್ಲ. ಆ ನಲವತ್ತು ಸೆಕೆಂಡು ಉಳಿಸಿಕೊಂಡವರು ತುದಿಯ ಸಿಗ್ನಲಿನಲ್ಲಿ ಎಂಜಿನ್ ಆಫ್ ಮಾಡಿ ಫೋನ್ ನೋಡುತ್ತಾ ನಿಂತಿರುತ್ತಾರೆ.

30 ಅನ್ನುವುದು ನಮ್ಮ ಬಡಾವಣೆಯ ಹುಚ್ಚೂ ಅಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಸಚಿವರ ಮಟ್ಟದ ಸಮ್ಮೇಳನ, ಜನರೂ ವಾಹನಗಳೂ ಒಂದೇ ಕಡೆ ಬೆರೆಯುವ ರಸ್ತೆಗಳಲ್ಲಿ ಮಿತಿ 30 ಇರಲಿ ಅಂತ ಹೇಳಿತು. ಅದೇ ವರ್ಷ ವಿಶ್ವಸಂಸ್ಥೆಯ ಮಹಾಸಭೆ ಆ ಘೋಷಣೆಯನ್ನು ಅನುಮೋದಿಸಿತು. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರಿನಿಂದ ವಸತಿ ಬೀದಿಗಳಿಗೆ ಸುಮಾರು 32 ಕಿ.ಮೀ. ಮಿತಿ ಬಂತು. ಲಕ್ಷಗಟ್ಟಲೆ ಜನ ಅದರ ವಿರುದ್ಧ ಅರ್ಜಿಗೆ ಸಹಿ ಹಾಕಿದ್ದೂ ನಿಜ, ಇಲ್ಲಿಯೂ ಬೈಯುವವರು ಇರುತ್ತಾರೆ. ಇರಲಿ. ನಮ್ಮ ದೇಶದ ಲೆಕ್ಕ ಬೇಕಿದ್ದರೆ ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ನೋಡಿ: ಆ ಒಂದು ವರ್ಷದಲ್ಲಿ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 32,825 ಮಂದಿ ನಡೆದುಕೊಂಡು ಹೋಗುತ್ತಿದ್ದವರು. ಒಟ್ಟು ಸಾವಿನಲ್ಲಿ ನೂರಕ್ಕೆ 71ರಷ್ಟಕ್ಕೆ ಕಾರಣ ಅತಿವೇಗ ಅಂತ ಆ ವರದಿಯೇ ಹೇಳುತ್ತದೆ.

ಬೋರ್ಡುಗಳ ಕಥೆಗೆ ಬರುತ್ತೇನೆ. ನಮ್ಮ ರಸ್ತೆಯಲ್ಲಿ ಬೋರ್ಡೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತುಂಬಾ ಇವೆ. ಚಿನ್ನದ ಅಂಗಡಿಯವರು ಕೊಟ್ಟ ಹಳದಿ ತಗಡು ಇದೆ, ಅದರಲ್ಲಿ "ಮಕ್ಕಳಿದ್ದಾರೆ, ನಿಧಾನವಾಗಿ ಚಲಿಸಿ" ಅನ್ನುವುದು ಒಂದು ಸಾಲು, ಉಳಿದದ್ದೆಲ್ಲ ಬಳೆ ಹಾಕಿದ ಕೈ ಮತ್ತು ಫೋನ್ ನಂಬರ್. ಒಂದು ನರ್ಸಿಂಗ್ ಹೋಮಿನದ್ದಿದೆ. ಹುಟ್ಟುಹಬ್ಬದ ಶುಭಾಶಯಗಳಂತೂ ಕಂಬಕ್ಕೆ ಎರಡು. ಸರ್ಕಾರದ ನಿಜವಾದ ಬೋರ್ಡು ಒಂದೇ ಒಂದು ಉಳಿದಿದೆ, ಶಾಲೆಯ ತ್ರಿಕೋನದ್ದು, ಅದು ಹೊಂಗೆ ಮರದ ಕೊಂಬೆಯೊಳಗೆ ಅಡಗಿಕೊಂಡಿದೆ. ಬೇಸಿಗೆಗೆ ಮುಂಚೆ ಎಲೆ ಉದುರಿದಾಗ ಕೆಲವು ದಿನ ಕಾಣುತ್ತದೆ, ಆಮೇಲೆ ಮತ್ತೆ ಚಿಗುರು.

ಈ ಖಾಸಗಿ ತಗಡುಗಳಿಗೆ ಕಾನೂನಿನ ಬಲ ಇಲ್ಲ. ರಸ್ತೆ ಬೋರ್ಡುಗಳ ಮಾರ್ಗಸೂಚಿಯಾದ ಐಆರ್‌ಸಿ 67ರ ಪ್ರಕಾರ ಕೆಂಪು ಅಂಚಿನ ವೃತ್ತ ಅಂದರೆ ಆಜ್ಞೆ, ತ್ರಿಕೋನ ಅಂದರೆ ಎಚ್ಚರಿಕೆ, ಚೌಕ ಅಥವಾ ಆಯತ ಅಂದರೆ ಮಾಹಿತಿ. ಡ್ರೈವರ್ ಓದುವುದಕ್ಕೆ ಮುಂಚೆ ಆಕಾರ ನೋಡಿಯೇ ತಿಳಿಯಬೇಕು ಅನ್ನುವುದು ಅದರ ಉದ್ದೇಶ. "ದಯವಿಟ್ಟು ನಿಧಾನ" ಅಂತ ಕೈಮುಗಿದ ಚಿತ್ರ ಹಾಕಿದ್ದನ್ನು ಪಾಲಿಸಲಿಲ್ಲ ಅಂತ ಯಾರಿಗೂ ದಂಡ ಹಾಕಲು ಬರುವುದಿಲ್ಲ. ರಾತ್ರಿ ಹೆಡ್‌ಲೈಟ್ ಬಿದ್ದರೆ ಹೊಳೆಯುವ ಹಾಳೆಯೂ ಅವುಗಳಲ್ಲಿಲ್ಲ. ಅಷ್ಟು ಬೋರ್ಡುಗಳ ನಡುವೆ ನಾಳೆ ನೀವು ಸರಿಯಾದದ್ದು ನೆಟ್ಟರೂ ಅದು ಹತ್ತರಲ್ಲಿ ಹನ್ನೊಂದಾಗುತ್ತದೆ. ಹಾಗಾಗಿ ನೆಡುವುದಕ್ಕಿಂತ ಮೊದಲು ಕೀಳುವ ಕೆಲಸ ಇದೆ. ಅದಕ್ಕೆ ಸಂಘದವರು ಏಣಿ ಹಿಡಿದುಕೊಂಡು ಬರುತ್ತೇವೆ.

ನಮ್ಮ ಕೋರಿಕೆ ಇಷ್ಟು. ಇಬ್ಬರೂ ಒಂದೇ ದಿನ, ಒಟ್ಟಿಗೆ, ರಸ್ತೆಗೆ ಬಂದು ನೋಡಿ. ಬೇರೆ ಬೇರೆ ದಿನ ಬಂದರೆ ಮತ್ತೆ ಲೆಟರ್ ಶುರುವಾಗುತ್ತದೆ. ಬಂದ ದಿನವೇ ಆ ಎರಡು ಕಾಂಕ್ರೀಟ್ ದಿಬ್ಬ ಒಡೆಸಿ ಅಂತ ನಾನು ಹೇಳುವುದಿಲ್ಲ, ಒಡೆದು ಹಾಗೇ ಬಿಟ್ಟರೆ ಶಾಲೆ ಮುಂದೆ ಮತ್ತೆ ಬಯಲು. ಅಳತೆಯ ಹಂಪ್ ಹಾಕುವ ಗಾಡಿ ಬಂದ ದಿನ ಹಳೆಯದು ಹೋಗಲಿ. ಅಲ್ಲಿಯವರೆಗೆ ಅವುಗಳಿಗೆ ಸುಣ್ಣ ಅಲ್ಲದ, ರಸ್ತೆಗೆ ಬಳಿಯುವ ನಿಜವಾದ ಬಣ್ಣ ಹಾಕಿಸಿ, ಎರಡೂ ಕಡೆ ಎಚ್ಚರಿಕೆ ಬೋರ್ಡ್ ನೆಡಿ, ಗುಡಿ ಹತ್ತಿರದ ಕಂಬಕ್ಕೆ ದೀಪ ಹಾಕಿಸಿ. ಇದಿಷ್ಟಕ್ಕೆ ಟೆಂಡರ್ ಬೇಕಾಗುವುದಿಲ್ಲ ಅಂದುಕೊಂಡಿದ್ದೇನೆ. ಕೊಂಬೆ ಸವರಲು ಅರಣ್ಯ ವಿಭಾಗದ ಒಪ್ಪಿಗೆ ಬೇಕು ಅನ್ನುತ್ತಾರೆ. ಬೋರ್ಡನ್ನೇ ಒಂದಷ್ಟು ಈಚೆ ಸರಿಸಿದರೆ ಮರಕ್ಕೂ ನೆಮ್ಮದಿ.

30ರ ಮಿತಿಯನ್ನು ಒಂದು ತಿಂಗಳ ಮಟ್ಟಿಗೆ ಹಾಕಿ. ಮಿತಿ ಬರುವ ಮೊದಲು ಒಂದು ವಾರ, ಬಂದ ಮೇಲೆ ಒಂದು ವಾರ ನಿಮ್ಮ ಸ್ಪೀಡ್ ಗನ್ನಿನಲ್ಲಿ ಅಳೆಯಿರಿ, ಅಂಕಿ ನಮಗೂ ಕೊಡಿ. ಏನೂ ಬದಲಾಗದಿದ್ದರೆ ನಾವೇ ಸುಮ್ಮನಾಗುತ್ತೇವೆ. ಬದಲಾದರೆ ಕಾಯಂ ಅಧಿಸೂಚನೆಗೆ ಮೇಲಕ್ಕೆ ಬರೆಯಿರಿ. ಬರೀ ಬೋರ್ಡ್ ನೋಡಿ ಯಾರೂ ನಿಧಾನ ಮಾಡುವುದಿಲ್ಲ ಅಂತ ನನಗೂ ಗೊತ್ತು, ಬೋರ್ಡು ಹಂಪು ಎರಡೂ ಜೊತೆಗೆ ಬೇಕು. ಬೋರ್ಡ್ ಇಲ್ಲದ ಹಂಪ್ ಏನು ಮಾಡಿತು ಅಂತ ಮೇಲೆ ಹೇಳಿದ್ದೇನೆ.

ಹೆದರಿಸಲು ಹೇಳುತ್ತಿಲ್ಲ, ಆದರೂ ನೆನಪಿಸುತ್ತೇನೆ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 198ಎ ಅನ್ನುವ ಕಲಮು ಸೇರಿದೆ. ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಅದಕ್ಕೆ ಹೊಣೆಯಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ಒಂದು ಲಕ್ಷದವರೆಗೆ ದಂಡ. ಆ ಕಲಮು ಹಿಡಿದುಕೊಂಡು ಕೋರ್ಟಿಗೆ ಹೋಗುವ ದಿನ ನಮ್ಮ ಬೀದಿಗೆ ಬರುವುದು ಬೇಡ ಅಂತಲೇ ಈ ಪತ್ರ.

ನಿಮ್ಮ ಕಷ್ಟವೂ ಗೊತ್ತಿದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಅಂತ ಯಾರೂ ಇರಲಿಲ್ಲ. ಇದ್ದಿದ್ದರೆ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದೆವು, ನಿಮ್ಮ ತಲೆ ತಿನ್ನುತ್ತಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಬೀರು ಬದಲಾಗುವಾಗ ನಮ್ಮ ಅರ್ಜಿ ಯಾವ ಕಟ್ಟಿನಲ್ಲಿ ಸೇರಿಕೊಂಡಿತೋ ದೇವರಿಗೇ ಗೊತ್ತು. ಹುಡುಕುವ ತೊಂದರೆ ಬೇಡ, ಎಲ್ಲದರ ಪ್ರತಿ ನಮ್ಮಲ್ಲಿದೆ.

ಇನ್ನು ಬಡಾವಣೆಯ ಅಣ್ಣಂದಿರು ಅಕ್ಕಂದಿರಿಗೆ. ಹೊರಗಿನವರೇ ಜೋರಾಗಿ ಓಡಿಸುತ್ತಾರೆ ಅಂತ ಸಂಘದ ಸಭೆಯಲ್ಲಿ ಎಲ್ಲರೂ ಹೇಳುತ್ತೇವೆ. ಶಾಲೆಗೆ ತಡವಾಯಿತು ಅಂತ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹಾರ್ನ್ ಒತ್ತುತ್ತಾ ಹೋಗುವ ಸ್ಕೂಟರುಗಳಲ್ಲಿ ಅರ್ಧ ನಮ್ಮ ಕ್ರಾಸುಗಳಿಂದಲೇ ಹೊರಡುತ್ತವೆ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಗಾಡಿ ಕೀ ಕೊಟ್ಟು ಟ್ಯೂಷನ್ನಿಗೆ ಕಳಿಸುವವರೂ ಇದ್ದಾರೆ. ಅವನೇನಾದರೂ ಗುದ್ದಿದರೆ ಅದೇ ಕಾಯ್ದೆಯ 199ಎ ಕಲಮಿನ ಪ್ರಕಾರ ಜೈಲಿಗೆ ಹೋಗುವುದು ಅಪ್ಪ ಅಥವಾ ಗಾಡಿ ಯಾರ ಹೆಸರಿನಲ್ಲಿದೆಯೋ ಅವರು, ಮೂರು ವರ್ಷದವರೆಗೆ, ಜೊತೆಗೆ 25,000 ರೂಪಾಯಿ ದಂಡ. ಮತ್ತೆ, ದಯವಿಟ್ಟು ಇನ್ನು ಮೇಸ್ತ್ರಿಯನ್ನು ಕರೆದು ರಾತ್ರಿ ಹಂಪ್ ಹಾಕಿಸಬೇಡಿ. ಕುಂಡಗಳನ್ನು, ಮಲಗಿರುವ ಕಾರುಗಳನ್ನು ಒಳಗೆ ತೆಗೆದುಕೊಂಡರೆ ಸ್ವಲ್ಪ ಫುಟ್‌ಪಾತಾದರೂ ಕಂಡೀತು.

ಎಂಜಿನಿಯರ್ ಸಾಹೇಬರೇ, ಇನ್‌ಸ್ಪೆಕ್ಟರ್ ಅವರೇ, ಜಂಟಿ ಪರಿಶೀಲನೆಗೆ ದಿನ ತಿಳಿಸಿ. ಟೇಪು ನಾವು ತರುತ್ತೇವೆ, ಕಾಫಿಯೂ ನಮ್ಮದೇ. ಶಾಲೆ ಇರುವ ದಿನ, ಬೆಳಿಗ್ಗೆ ಎಂಟೂವರೆಗೆ ಬನ್ನಿ. ಕಚೇರಿ ಕೆಲಸ ಮುಗಿಸಿಕೊಂಡು ಹನ್ನೊಂದೂವರೆಗೆ ಬಂದರೆ ರಸ್ತೆಯಲ್ಲಿ ಸೊಪ್ಪಿನ ಗಾಡಿ ಬಿಟ್ಟು ಏನೂ ಇರುವುದಿಲ್ಲ, "ಎಲ್ರೀ ಸ್ಪೀಡು?" ಅಂತ ಬರೆದುಕೊಂಡು ಹೋಗಿಬಿಡುತ್ತೀರಿ.

ಇಂತಿ ನಿಮ್ಮ ವಿಶ್ವಾಸಿ,
ಇದೇ ಮೇನ್ ರಸ್ತೆಯ ಒಬ್ಬ ನಿವಾಸಿ